ಹಾಲಿನ ತಪ್ಪೋ, ಅನ್ನದ ತಪ್ಪೋ? ರಾಬರ್ಟ್ ಕಾಕ್ ಬದುಕು ನಮ್ಮೂರ ಊಟದ ಪಂಕ್ತಿಗೆ ಬಂದಾಗ

ಮೂರು ವರ್ಷದ ಹಿಂದಿನ ಮೇ ತಿಂಗಳು. ಬೀಳಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಬೀಗರ ಮನೆಯ ಗೃಹಪ್ರವೇಶ. ಹೋಳಿಗೆ, ಎಣ್ಣೆಗಾಯಿ, ಅನ್ನ-ಸಾರು, ಕೊನೆಗೆ ಮೊಸರನ್ನ. ಮಧ್ಯಾಹ್ನ ಎರಡಕ್ಕೆ ಪಂಕ್ತಿ ಮುಗೀತು. ಐದು ಗಂಟೆ ಹೊತ್ತಿಗೆ ಮಕ್ಕಳಿಗೆ ವಾಂತಿ ಶುರುವಾಯಿತು, ದೀಪ ಹಚ್ಚೋ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಮಂದಿ ಮಲಗಿದ್ದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ಎಲ್ಲರೂ ಎದ್ದು ಓಡಾಡುತ್ತಿದ್ದರು. ಆದರೆ ತೀರ್ಪು ಮಾತ್ರ ಅದೇ ರಾತ್ರಿ ಆಗಿಹೋಗಿತ್ತು.

ಮೊಸರಿಗೆ ಹಾಲು ಕೊಟ್ಟವಳು ಊರಾಚೆಯ ಕೇರಿಯ ಒಬ್ಬ ಹೆಂಗಸು. ಗಂಡ ಇಲ್ಲ, ಎರಡು ಎಮ್ಮೆ ಕಟ್ಟಿಕೊಂಡು ಬದುಕುವಾಕಿ. ಅವಳ ಹಾಲೇ ಕೆಟ್ಟಿತ್ತು ಅಂತ ಒಬ್ಬರು ಅಂದರು, ಅವಳ ಪಾತ್ರೆ ಹೊಲಸು ಅಂತ ಇನ್ನೊಬ್ಬರು, ಆ ಕೇರಿಯಿಂದ ಹಾಲು ತರಿಸಿದ್ದೇ ತಪ್ಪು ಅಂತ ಮೂರನೆಯವರು. ಮೂರನೆಯ ಮಾತು ಬಂದಮೇಲೆ ಮೊದಲೆರಡರ ಅಗತ್ಯ ಉಳಿಯಲಿಲ್ಲ. ಉಳಿದ ಅಡುಗೆಯನ್ನು ಆಗಲೇ ತಿಪ್ಪೆಗೆ ಸುರಿದು ಪಾತ್ರೆ ತಿಕ್ಕಿಟ್ಟಿದ್ದರು. ಮರುದಿನದಿಂದ ನಾಲ್ಕು ಮನೆಯವರು ಅವಳ ಹಾಲು ಬಿಟ್ಟರು. ಇಂಜಿನಿಯರಿಂಗ್ ಓದಿದ ನಾನು, ದಿನಾ ಸಾಕ್ಷ್ಯ-ಪುರಾವೆ ಅಂತ ಅಂಕಣ ಬರೆಯೋ ನಾನು, ಅಲ್ಲೇ ಕುರ್ಚಿ ಮೇಲೆ ಕೂತು ಮೊಬೈಲ್ ನೋಡುತ್ತಿದ್ದೆ.

ಬೆಂಗಳೂರಿಗೆ ಮರಳಿದ ಮೇಲೆ ಸೂಕ್ಷ್ಮಜೀವಿ ವಿಜ್ಞಾನ ಓದಿದ ಗೆಳೆಯನೊಬ್ಬನಿಗೆ ಈ ಕತೆ ಹೇಳಿದೆ. ಅವನು ಹಾಲಿನ ಬಗ್ಗೆ ಏನೂ ಕೇಳಲಿಲ್ಲ. ಊಟವಾಗಿ ಎಷ್ಟು ಗಂಟೆಗೆ ವಾಂತಿ ಬಂತು, ಅನ್ನ ಯಾವಾಗ ಮಾಡಿದ್ದು, ಅಷ್ಟೇ ಕೇಳಿದ. ಅನ್ನ ನಸುಕಿನ ನಾಲ್ಕಕ್ಕೆ ದೊಡ್ಡ ಹಂಡೆಯಲ್ಲಿ ಬೆಂದಿತ್ತು, ಹತ್ತು ತಾಸು ಮುಚ್ಚಿಟ್ಟಿದ್ದರು. ಬಿಸಿಲು ನಲವತ್ತು ಡಿಗ್ರಿ. ಮೂರು ತಾಸಿಗೆ ವಾಂತಿ ಅಂದರೆ ಊಟದಲ್ಲಿ ವಿಷ ಮೊದಲೇ ತಯಾರಾಗಿತ್ತು ಅಂತ ಲೆಕ್ಕ. ಅದನ್ನು ಮಾಡುವ ಎರಡು ಮುಖ್ಯ ಬ್ಯಾಕ್ಟೀರಿಯಾಗಳಿವೆ. ಒಂದು ಸ್ಟೆಫೈಲೊಕಾಕಸ್, ಕೈಯಲ್ಲಿ ಗಾಯವಿದ್ದವರು ಮುಟ್ಟಿದರೆ ಬರುತ್ತದೆ. ಇನ್ನೊಂದು ಬ್ಯಾಸಿಲಸ್ ಸೀರಿಯಸ್, ಬೆಂದು ಹಾಗೇ ಬೆಚ್ಚಗೆ ಕೂತ ಅನ್ನ ಅಂದರೆ ಅದಕ್ಕೆ ಪ್ರಾಣ. ಹಾಗಾಗಿ ತಪ್ಪು ಹಾಲಿನದ್ದಿರಬಹುದು, ಬಡಿಸಿದ ಕೈಯದ್ದಿರಬಹುದು, ಊರಿನ ದೊಡ್ಡಮನೆಯಿಂದಲೇ ಬಂದ ಅಕ್ಕಿಯದ್ದೂ ಇರಬಹುದು. ಒಂದು ಮುಷ್ಟಿ ಮೊಸರನ್ನವನ್ನು ಸ್ವಚ್ಛ ಡಬ್ಬಿಯಲ್ಲಿ ಹಾಕಿ ಐಸ್ ಮೇಲೆ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಇಡಲಿಲ್ಲ.

ಆ ಗೆಳೆಯ ಮಾತಿನ ನಡುವೆ ಒಂದು ಹೆಸರು ಹೇಳಿದ: ರಾಬರ್ಟ್ ಕಾಕ್. ಪಿಯುಸಿ ಜೀವಶಾಸ್ತ್ರದಲ್ಲಿ ಎರಡು ಅಂಕದ ಪ್ರಶ್ನೆಗೆ ಓದಿ ಮರೆತ ಹೆಸರು. ಆಮೇಲೆ ಕೆಲವು ತಿಂಗಳು ಅವನ ಬದುಕಿನ ಹಿಂದೆ ಬಿದ್ದೆ. ಅಲ್ಲಿ ನಮ್ಮೂರಿನ ಅನ್ನದ ಹಂಡೆ, ಹಾಲು, ಬಣ್ಣದ ತೊಟ್ಟಿ ಎಲ್ಲವೂ ಸಿಕ್ಕವು.

ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಈಗಿನ ಜರ್ಮನಿಯ ಕ್ಲಾಸ್ತಾಲ್ ಎಂಬ ಗಣಿ ಊರಲ್ಲಿ. ಅಪ್ಪ ಗಣಿ ಇಲಾಖೆಯ ಅಧಿಕಾರಿ, ಮನೆ ತುಂಬ ಮಕ್ಕಳು. ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1866ರಲ್ಲಿ ಪದವಿ ಪಡೆದ. ಹಡಗು ಹತ್ತಿ ಜಗತ್ತು ಸುತ್ತಬೇಕೆಂಬ ಆಸೆ ಇತ್ತು. ಆದರೆ ಮದುವೆ, ಮಗಳು, ಸಂಸಾರ ಅಂತ ಊರಿಂದೂರಿಗೆ ಪ್ರಾಕ್ಟೀಸ್ ಮಾಡುತ್ತ ಅಲೆದು, 1872ರಲ್ಲಿ ವೋಲ್‌ಸ್ಟೈನ್ ಎಂಬ ಪುಟ್ಟ ಪಟ್ಟಣಕ್ಕೆ ಜಿಲ್ಲಾ ವೈದ್ಯನಾಗಿ ಬಂದ. ಈಗ ಅದು ಪೋಲೆಂಡಿನಲ್ಲಿದೆ. ನಮ್ಮ ತಾಲೂಕು ಆಸ್ಪತ್ರೆಯ ಡಾಕ್ಟರ ಕೆಲಸ ಇದ್ದ ಹಾಗೇ ಅಂದುಕೊಳ್ಳಿ: ಹೆರಿಗೆ, ಜ್ವರ, ಸಿಡುಬಿನ ಲಸಿಕೆ, ಪೊಲೀಸರಿಗೆ ಸರ್ಟಿಫಿಕೇಟು. ಪ್ರಯೋಗಾಲಯ ಇರಲಿಲ್ಲ, ಗ್ರಂಥಾಲಯ ಇರಲಿಲ್ಲ, ಸಂಶೋಧನೆಗೆ ಸಂಬಳವೂ ಇರಲಿಲ್ಲ. ರೋಗಿ ನೋಡುವ ಕೋಣೆಗೆ ನಡುವೆ ಒಂದು ಪರದೆ ಕಟ್ಟಿ, ಆಚೆ ಸೂಕ್ಷ್ಮದರ್ಶಕ ಇಟ್ಟುಕೊಂಡ.

ಆ ಸೀಮೆಯಲ್ಲಿ ಕುರಿ-ದನಗಳು ಅಂಥ್ರಾಕ್ಸ್‌ನಿಂದ ಸಾಯುತ್ತಿದ್ದವು. ನಮ್ಮ ಕಡೆ ಕುರುಬರು ಅದನ್ನೇ ನೆರಡಿ ಅನ್ನೋದು. ಸತ್ತ ಪ್ರಾಣಿಯ ರಕ್ತದಲ್ಲಿ ಕಡ್ಡಿಯಾಕಾರದ ಜೀವಿಗಳಿರುವುದನ್ನು ಬೇರೆಯವರು ಆಗಲೇ ನೋಡಿದ್ದರು. ಆದರೆ ಆ ಕಡ್ಡಿಗಳು ರೋಗದ ಕಾರಣವೋ, ರೋಗದ ಫಲವೋ ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಇನ್ನೊಂದು ಒಗಟೂ ಇತ್ತು. ಒಂದು ಹೊಲದಲ್ಲಿ ದನ ಸತ್ತರೆ, ವರ್ಷಗಳ ನಂತರ ಅದೇ ಹೊಲದಲ್ಲಿ ಮೇಯ್ದ ಬೇರೆ ದನವೂ ಸಾಯುತ್ತಿತ್ತು. ಹೊಲಕ್ಕೇ ಶಾಪ ಇದೆ ಅಂತ ರೈತರು ನಂಬಿದ್ದರು.

ಕಾಕ್ ಕಟ್ಟಿಗೆಯ ಚೂರುಗಳನ್ನು ಸೂಜಿಯಂತೆ ಬಳಸಿ ಇಲಿಗಳಿಗೆ ಆ ರಕ್ತ ಚುಚ್ಚಿದ. ಇಲಿ ಸತ್ತಿತು, ಅದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಬಳಿಕ ಎತ್ತಿನ ಕಣ್ಣೊಳಗಿನ ನೀರನ್ನು ತೆಗೆದು, ಅದರ ಒಂದು ಹನಿಯಲ್ಲಿ ಆ ಕಡ್ಡಿಗಳನ್ನು ಬೆಳೆಸಿ ತಾಸುಗಟ್ಟಲೆ ನೋಡುತ್ತ ಕೂತ. ಕಡ್ಡಿಗಳು ಉದ್ದ ಬೆಳೆದು, ಒಣಗುವ ಹೊತ್ತಿಗೆ ಒಳಗೆ ಮಣಿ ಪೋಣಿಸಿದಂತೆ ಹೊಳೆಯುವ ಬೀಜಗಳಾದವು. ಬೀಜಾಣು, ಸ್ಪೋರ್. ಒಣಗಿದರೂ ಸಾಯದ, ವರ್ಷಗಟ್ಟಲೆ ಮಣ್ಣಲ್ಲಿ ಮಲಗುವ, ಅನುಕೂಲ ಸಿಕ್ಕಾಗ ಮತ್ತೆ ಕಡ್ಡಿಯಾಗುವ ರೂಪ. ಹೊಲದ ಶಾಪಕ್ಕೆ ಉತ್ತರ ಸಿಕ್ಕಿತು. 1876ರಲ್ಲಿ ಅವನು ತನ್ನ ಇಲಿ, ಗಾಜಿನ ಸ್ಲೈಡು ಎಲ್ಲ ಕಟ್ಟಿಕೊಂಡು ಬ್ರೆಸ್ಲಾವ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್ ಹತ್ತಿರ ಹೋಗಿ, ಅವರೆಲ್ಲರ ಕಣ್ಣೆದುರೇ ಪ್ರಯೋಗ ಮಾಡಿ ತೋರಿಸಿದ. ಆಗ ಅವನಿಗೆ 32 ವರ್ಷ, ಹೆಸರಿಲ್ಲದ ಹಳ್ಳಿ ಡಾಕ್ಟರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಬೀಳಗಿಯ ಹಂಡೆಯಲ್ಲಿ ನಾನು ಅನುಮಾನಿಸಿದ ಬ್ಯಾಸಿಲಸ್ ಸೀರಿಯಸ್, ಈ ಅಂಥ್ರಾಕ್ಸ್ ಬ್ಯಾಕ್ಟೀರಿಯಾದ ಹತ್ತಿರದ ದಾಯಾದಿ. ಅದೂ ಹೀಗೇ ಬೀಜಾಣು ಕಟ್ಟುತ್ತದೆ. ಗದ್ದೆಯ ಮಣ್ಣಿನಿಂದ ಅಕ್ಕಿಗೆ ಅಂಟಿ ಬರುತ್ತದೆ, ಕುದಿಯುವ ನೀರಲ್ಲೂ ಬದುಕುತ್ತದೆ. ಅನ್ನ ಆರುತ್ತ ಬೆಚ್ಚಗೆ ಕೂತಾಗ ಮೊಳೆತು ವಿಷ ಕಕ್ಕುತ್ತದೆ. ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಚೆನ್ನಾಗಿ ಬೇಯಿಸಿದ್ದೀವಲ್ಲ ಅನ್ನೋ ನಮ್ಮ ಸಮಾಧಾನಕ್ಕೆ ಇದು 1876ರಲ್ಲೇ ಸಿಕ್ಕ ಉತ್ತರ.

ಮುಂದಿನ ಸಮಸ್ಯೆ, ಕಣ್ಣಿಗೆ ಕಾಣದ್ದನ್ನು ಕಾಣಿಸುವುದು. ಬ್ಯಾಕ್ಟೀರಿಯಾ ನೀರಿನಷ್ಟೇ ಪಾರದರ್ಶಕ. ಕಾಕ್ ನೆರವು ಪಡೆದದ್ದು ಬಟ್ಟೆ ಗಿರಣಿಯವರಿಂದ ಅಂದರೆ ರಬಕವಿ-ಬನಹಟ್ಟಿಯ ನೇಕಾರರಿಗೆ ಖುಷಿಯಾಗಬಹುದು. ಆ ಕಾಲಕ್ಕೆ ಜರ್ಮನಿಯ ಕಾರ್ಖಾನೆಗಳು ಕಲ್ಲಿದ್ದಲ ಟಾರಿನಿಂದ ಹೊಸ ಹೊಸ ಬಣ್ಣ ತೆಗೆಯುತ್ತಿದ್ದವು. ನೂಲಿಗೆ ಹತ್ತುವ ಆ ಬಣ್ಣಗಳು ಬ್ಯಾಕ್ಟೀರಿಯಾದ ಮೈಗೂ ಹತ್ತಿದವು. ಬನಹಟ್ಟಿಯಲ್ಲಿ ಸೀರೆಯ ನೂಲು ಬಣ್ಣದ ತೊಟ್ಟಿಯಿಂದ ಎದ್ದು ಬರುವುದನ್ನು ಚಿಕ್ಕವನಿದ್ದಾಗ ನೋಡುತ್ತ ನಿಂತಿದ್ದೇನೆ. ಒಂದು ನೂಲು ಬಣ್ಣ ಹಿಡಿಯುತ್ತೆ, ಇನ್ನೊಂದು ಹಿಡಿಯಲ್ಲ, ತೊಳೆದರೆ ಒಂದರಿಂದ ಹೋಗುತ್ತೆ, ಇನ್ನೊಂದರಿಂದ ಹೋಗಲ್ಲ. ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ಗುಂಪಾಗಿ ವಿಂಗಡಿಸುವ ವಿದ್ಯೆಯ ಬುಡ ಇಷ್ಟೇ. 1882ರಲ್ಲಿ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದ್ದು ಮೆಥಿಲಿನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ.

ಆ ನೀಲಿ ಇವತ್ತಿಗೂ ಹಾಲಿನ ಡೈರಿಗಳ ಪ್ರಯೋಗಾಲಯದಲ್ಲಿದೆ. 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ಬಣ್ಣದ ದ್ರಾವಣ ಹಾಕಿ, 37 ಡಿಗ್ರಿಯ ನೀರಲ್ಲಿ ಕೊಳವೆ ಇಡುತ್ತಾರೆ. ಹಾಲಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ಆಮ್ಲಜನಕ ಬೇಗ ತೀರಿ, ನೀಲಿ ಮಾಯವಾಗಿ ಹಾಲು ಬೆಳ್ಳಗಾಗುತ್ತದೆ. ಐದು ತಾಸು ನೀಲಿ ಉಳಿದರೆ ಹಾಲು ಬಹಳ ಒಳ್ಳೇದು, ಅರ್ಧ ತಾಸಲ್ಲೇ ಬೆಳ್ಳಗಾದರೆ ಕೆಟ್ಟದ್ದು. ಯಾವ ಬ್ಯಾಕ್ಟೀರಿಯಾ ಅಂತ ಈ ಪರೀಕ್ಷೆ ಹೇಳಲ್ಲ, ಯಾರ ಕೇರಿಯ ಹಾಲು ಅಂತಲೂ ಕೇಳಲ್ಲ.

1880ರಲ್ಲಿ ಸರ್ಕಾರ ಅವನನ್ನು ಬರ್ಲಿನ್ನಿನ ಆರೋಗ್ಯ ಕಚೇರಿಗೆ ಕರೆಸಿಕೊಂಡಿತು. ಅಲ್ಲಿ ಅವನು ಮಾಡಿದ ಕೆಲಸವೇ ನನ್ನ ಪಾಲಿಗೆ ಅವನ ಅತಿ ದೊಡ್ಡ ಕೆಲಸ. ಅದಕ್ಕೆ ನೊಬೆಲ್ ಬರಲಿಲ್ಲ. ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರೆ ಹತ್ತಾರು ಬಗೆ ಕಲೆತು ಗೊಂದಲವಾಗುತ್ತದೆ, ಸಂತೆಯಲ್ಲಿ ಒಬ್ಬನ ದನಿ ಹುಡುಕಿದಂಗೆ. ಬೇಯಿಸಿದ ಆಲೂಗಡ್ಡೆಯ ಹೋಳೊಂದನ್ನು ಗಾಳಿಗೆ ಬಿಟ್ಟಾಗ ಅದರ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಗಳೆದ್ದವು. ಒಂದೊಂದು ಚುಕ್ಕೆಯಲ್ಲೂ ಒಂದೇ ಬಗೆಯ ಜೀವಿ. ಗಟ್ಟಿ ನೆಲದ ಮೇಲೆ ಬಿದ್ದ ಒಂದು ಬ್ಯಾಕ್ಟೀರಿಯಾ ಓಡಾಡಲಾರದೆ ಬಿದ್ದಲ್ಲೇ ಸಂಸಾರ ಹೂಡುತ್ತದೆ. ಹಾಗಾದರೆ ಚುಕ್ಕೆ ಎಣಿಸಿದರೆ, ಮೊದಲು ಎಷ್ಟು ಬ್ಯಾಕ್ಟೀರಿಯಾ ಇದ್ದವು ಅನ್ನೋದು ಸಿಗುತ್ತದೆ. ಚುಕ್ಕೆಯೊಂದನ್ನು ಸೂಜಿಯಿಂದ ಎತ್ತಿದರೆ ಕಲಬೆರಕೆ ಇಲ್ಲದ ಒಂದೇ ತಳಿ ಸಿಗುತ್ತದೆ. ಗದ್ದಲದಿಂದ ಸಿಗ್ನಲ್ ಬೇರ್ಪಡಿಸುವುದನ್ನು ನಾವು ಇಂಜಿನಿಯರಿಂಗ್‌ನಲ್ಲಿ ನಾಲ್ಕು ಸೆಮಿಸ್ಟರ್ ಕಲಿತೆವು. ಇವನು ಆಲೂಗಡ್ಡೆಯಲ್ಲಿ ಮುಗಿಸಿದ.

ಆಲೂಗಡ್ಡೆ ಎಲ್ಲದಕ್ಕೂ ಒಗ್ಗಲಿಲ್ಲ, ಹಾಗಾಗಿ ಮಾಂಸದ ಸಾರಿಗೆ ಜೆಲಟಿನ್ ಬೆರೆಸಿ ಗಾಜಿನ ಮೇಲೆ ಹರಡಿದ. ಜೆಲಟಿನ್ ಸೆಕೆಗೆ ಕರಗುತ್ತದೆ. ನಮ್ಮ ಜಮಖಂಡಿಯ ಏಪ್ರಿಲ್ಲಿನಲ್ಲಾದರೆ ಅದು ಪಾನಕವೇ. ಇದಕ್ಕೆ ದಾರಿ ತೋರಿಸಿದ್ದು ಅಡುಗೆಮನೆ. ಕಾಕ್ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ ಜೆಲ್ಲಿ ಮಾಡಲು ಅಗರ್ ಎಂಬ ಕಡಲ ಪಾಚಿಯ ಸರಕು ಬಳಸುತ್ತಿದ್ದಳು. ಜಾವಾ ದ್ವೀಪದಲ್ಲಿ ಇದ್ದು ಬಂದಿದ್ದ ಡಚ್ ನೆರೆಯವರಿಂದ ಅದನ್ನು ಕಲಿತಿದ್ದಳು. ಬೇಸಿಗೆಯಲ್ಲಿ ಗಂಡನ ಜೆಲಟಿನ್ ಕರಗಿ ಹೋಗುವುದನ್ನು ಕಂಡು, ಅಗರ್ ಹಾಕಿ ನೋಡಿ ಅಂದಳು. 1882ರ ಕ್ಷಯದ ಪ್ರಬಂಧದಲ್ಲಿ ಕಾಕ್ ಅಗರ್ ಬಗ್ಗೆ ಒಂದು ಸಾಲು ಬರೆದ, ಅವಳ ಹೆಸರು ಬರೆಯಲಿಲ್ಲ. ಅವನ ಇನ್ನೊಬ್ಬ ಸಹಾಯಕ ಪೆಟ್ರಿ 1887ರಲ್ಲಿ ಮುಚ್ಚಳದ ಗಾಜಿನ ತಟ್ಟೆ ಮಾಡಿದ, ಅದಕ್ಕೆ ಇವತ್ತಿಗೂ ಪೆಟ್ರಿಯ ಹೆಸರಿದೆ. ತಟ್ಟೆಯೊಳಗಿನ ಅಗರ್‌ಗೆ ಫ್ಯಾನಿಯ ಹೆಸರಿಲ್ಲ. ಜಾವಾದ ಅಡುಗೆಯವರ ಹೆಸರಂತೂ ಯಾರಿಗೂ ಬೇಕಾಗಿರಲಿಲ್ಲ.

ಈ ತಟ್ಟೆ ಊಟದ ವಿಷಯಕ್ಕೆ ಬಂದದ್ದು ಬೇಗನೇ. 1888ರಲ್ಲಿ ಫ್ರಾಂಕನ್‌ಹೌಸನ್ ಎಂಬ ಜರ್ಮನ್ ಊರಲ್ಲಿ ಕಾಯಿಲೆ ಬಿದ್ದ ಹಸುವನ್ನು ಕಡಿದು ಮಾರಿದರು, ತಿಂದವರು ಹಾಸಿಗೆ ಹಿಡಿದರು, ಒಬ್ಬ ಸತ್ತ. ಕಾಕ್ ಬಳಿ ಕೆಲಸ ಕಲಿತಿದ್ದ ಆಗಸ್ಟ್ ಗೇರ್ಟ್‌ನರ್, ಮಾಂಸದಿಂದಲೂ ಸತ್ತವನ ದೇಹದಿಂದಲೂ ಒಂದೇ ಬ್ಯಾಕ್ಟೀರಿಯಾ ಬೆಳೆಸಿ ತೋರಿಸಿದ. ಈಗ ನಾವು ಸಾಲ್ಮೊನೆಲ್ಲಾ ಅನ್ನೋ ಗುಂಪಿನದು ಅದು. ಊಟದಲ್ಲೂ ಅದೇ, ರೋಗಿಯಲ್ಲೂ ಅದೇ ಅಂತ ಸಿಕ್ಕಾಗ ಮಾತ್ರ ಆರೋಪಕ್ಕೆ ಕಾಲು ಬರುತ್ತದೆ. 1905ರಲ್ಲಿ ಆಲ್ಫ್ರೆಡ್ ಮೆಕಾಂಕಿ ಎಂಬ ಬ್ರಿಟಿಷ್ ವಿಜ್ಞಾನಿ ಅಗರ್‌ಗೆ ಪಿತ್ತದ ಲವಣ, ಹಾಲಿನ ಸಕ್ಕರೆ, ಒಂದು ಬಣ್ಣ ಸೇರಿಸಿದ. ಕರುಳಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಮಾತ್ರ ಅದರಲ್ಲಿ ಬೆಳೆಯುತ್ತವೆ. ಇ. ಕೋಲಿಯಂಥವು ಗುಲಾಬಿ ಚುಕ್ಕೆಯಾಗುತ್ತವೆ, ಸಾಲ್ಮೊನೆಲ್ಲಾ ಬಣ್ಣವಿಲ್ಲದೆ ಉಳಿಯುತ್ತದೆ.

ಇವತ್ತಿನ ಲ್ಯಾಬಿಗೆ ಹೋದರೂ ಮುಖ್ಯ ಕೆಲಸ ಇದೇ. ಸಾಲ್ಮೊನೆಲ್ಲಾ ಹುಡುಕಬೇಕೆಂದರೆ 25 ಗ್ರಾಂ ಆಹಾರವನ್ನು 225 ಮಿಲಿಲೀಟರ್ ಪೋಷಕ ದ್ರವದಲ್ಲಿ ಕಲಕಿ ಒಂದು ರಾತ್ರಿ 37 ಡಿಗ್ರಿಯಲ್ಲಿ ಇಡುತ್ತಾರೆ, ಅರೆಜೀವವಾದವು ಚೇತರಿಸಿಕೊಳ್ಳಲಿ ಅಂತ. ಮರುದಿನ ಬೇರೆಯವನ್ನು ಅದುಮಿ ಇದನ್ನು ಮಾತ್ರ ಬೆಳೆಸುವ ದ್ರವಕ್ಕೆ, ಅದರ ಮರುದಿನ ತಟ್ಟೆಗೆ, ಆಮೇಲೆ ಅನುಮಾನದ ಚುಕ್ಕೆ ಎತ್ತಿ ಖಾತ್ರಿ ಪರೀಕ್ಷೆ. ನಾಲ್ಕೈದು ದಿನ ಬೇಕು. 25 ಗ್ರಾಂನಲ್ಲಿ ಒಂದೂ ಇರಬಾರದು ಅನ್ನೋದು ನಿಯಮ. ಅನ್ನದ ಬ್ಯಾಸಿಲಸ್‌ಗೆ ಮೊಟ್ಟೆಯ ಹಳದಿ ಬೆರೆಸಿದ ತಟ್ಟೆ ಇದೆ, ಗುಲಾಬಿ ಚುಕ್ಕೆಯ ಸುತ್ತ ಬಿಳಿ ವರ್ತುಲ ಏಳುತ್ತದೆ. ಗ್ರಾಂಗೆ ಒಂದು ಲಕ್ಷ ದಾಟಿದರೆ ಗಂಟೆ ಬಾರಿಸಿದಂತೆ. ಪಿಸಿಆರ್ ಬಂದಿದೆ, ಒಂದು ದಿನದಲ್ಲಿ ಸುಳಿವು ಕೊಡುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಅದು ಎಣಿಸಬಹುದು, ಹಾಗಾಗಿ ತಟ್ಟೆಯನ್ನು ಯಾರೂ ಬಿಟ್ಟಿಲ್ಲ. ತಟ್ಟೆಗೂ ಮಿತಿ ಇದೆ. ಕಾಯಿಸಿದಾಗ ಬ್ಯಾಕ್ಟೀರಿಯಾ ಸತ್ತು ವಿಷ ಮಾತ್ರ ಉಳಿದಿದ್ದರೆ ತಟ್ಟೆ ಖಾಲಿ ಬರುತ್ತದೆ, ಆಗ ವಿಷವನ್ನೇ ಬೇರೆಯಾಗಿ ಹುಡುಕಬೇಕು.

ವಿಷದ ಮಾತು ಬಂತು, ಕಲ್ಕತ್ತೆಗೆ ಹೋಗಲೇಬೇಕು. 1883ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಎದ್ದಾಗ ಕಾಕ್ ತಂಡ ಕಟ್ಟಿಕೊಂಡು ಅಲೆಕ್ಸಾಂಡ್ರಿಯಾಕ್ಕೆ ಹೋದ. ಪೈಪೋಟಿಯ ಫ್ರೆಂಚ್ ತಂಡವೂ ಬಂದಿತ್ತು. ಅದರ ತರುಣ ವಿಜ್ಞಾನಿ ಲೂಯಿ ತ್ವಿಲಿಯೆ ಅಲ್ಲೇ ಕಾಲರಾಕ್ಕೆ ಬಲಿಯಾದ. ಅಲ್ಲಿ ರೋಗ ಇಳಿಯಿತು, ಕಾಕ್ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದ. ಅಲ್ಪವಿರಾಮದಂತೆ ಬಾಗಿದ ಬ್ಯಾಕ್ಟೀರಿಯಾವನ್ನು 1884ರ ಆರಂಭದಲ್ಲಿ ಶುದ್ಧವಾಗಿ ಬೆಳೆಸಿದ. ಜನ ಕುಡಿಯಲು, ತೊಳೆಯಲು ಎರಡಕ್ಕೂ ಬಳಸುತ್ತಿದ್ದ ಕೆರೆಯೊಂದರ ನೀರಲ್ಲೂ ಅದನ್ನೇ ಕಂಡ.

ಬ್ರಿಟಿಷ್ ಇಂಡಿಯಾ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಕಾಲರಾ ಇಲ್ಲಿನ ಗಾಳಿ-ಮಣ್ಣಿನ ಗುಣ ಅಂತ ಅವರ ಆರೋಗ್ಯಾಧಿಕಾರಿಗಳು ವರ್ಷಗಳಿಂದ ವಾದಿಸುತ್ತಿದ್ದರು. ಮನುಷ್ಯರಿಂದ, ನೀರಿನಿಂದ ಹರಡುತ್ತೆ ಅಂತ ಒಪ್ಪಿದರೆ ಸುಯೆಜ್ ಕಾಲುವೆಯಲ್ಲಿ ಹಡಗುಗಳನ್ನು ತಡೆದು ನಿಲ್ಲಿಸಬೇಕಾಗುತ್ತಿತ್ತು, ವ್ಯಾಪಾರಕ್ಕೆ ಹೊಡೆತ. ಕಾಕ್ ತಪ್ಪು ಅಂತ ತೋರಿಸಲು ಅದೇ ವರ್ಷ ಲಂಡನ್ನಿನಿಂದ ಇನ್ನೊಂದು ತಂಡವನ್ನು ಕಳಿಸಿದರು, ಆ ತಂಡ ಕೇಳಿದ್ದನ್ನೇ ಹೇಳಿತು. ಲ್ಯಾಬ್ ವರದಿಯನ್ನು ರಾಜಕೀಯ ಒಪ್ಪುವುದು ಲಾಭ ಇದ್ದಾಗ. ಇದು ಹೊಸ ಕಾಯಿಲೆ ಅಲ್ಲ. 75 ವರ್ಷಗಳ ಬಳಿಕ, 1959ರಲ್ಲಿ, ಅದೇ ಕಲ್ಕತ್ತೆಯಲ್ಲಿ ಶಂಭುನಾಥ ಡೇ ಎಂಬ ವೈದ್ಯ ಕಾಲರಾ ಬ್ಯಾಕ್ಟೀರಿಯಾ ಒಂದು ವಿಷ ಸುರಿಸಿ ಕೊಲ್ಲುತ್ತದೆ ಎಂದು ಮೊಲದ ಕರುಳಲ್ಲಿ ತೋರಿಸಿದರು. ಕರುಳಿನ ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಒಳಗೆ ಮಾದರಿ ಚುಚ್ಚಿ, ನೀರು ತುಂಬಿ ಉಬ್ಬುತ್ತದೋ ನೋಡುವ ಅವರ ವಿಧಾನ ಅತಿಸಾರದ ಇತರ ಬ್ಯಾಕ್ಟೀರಿಯಾಗಳ ವಿಷ ಹುಡುಕಲೂ ದಶಕಗಟ್ಟಲೆ ಬಳಕೆಯಾಯಿತು. ನಮ್ಮ ಪಠ್ಯದಲ್ಲಿ ಕಾಕ್ ಇದ್ದಾನೆ, ಡೇ ಇಲ್ಲ.

1892ರಲ್ಲಿ ಹ್ಯಾಂಬರ್ಗಿಗೆ ಕಾಲರಾ ಬಂತು. ವರ್ತಕರೇ ಆಳುತ್ತಿದ್ದ ಆ ಬಂದರು ನಗರ ಹಡಗು ನಿಂತೀತೆಂದು ಸುದ್ದಿಯನ್ನು ದಿನಗಟ್ಟಲೆ ಮುಚ್ಚಿಟ್ಟಿತು. ಎಲ್ಬಾ ನದಿಯ ನೀರನ್ನು ಸೋಸದೆ ಕೊಳಾಯಿಗೆ ಬಿಡುತ್ತಿದ್ದರು. 8,600ಕ್ಕೂ ಹೆಚ್ಚು ಜನ ಸತ್ತರು, ಸಾಲು ಸಾಲಾಗಿ ಸತ್ತದ್ದು ಕೂಲಿಕಾರರ ಓಣಿಗಳಲ್ಲಿ. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣ ಅದೇ ನದಿಯ ಇನ್ನಷ್ಟು ಹೊಲಸು ನೀರನ್ನು ಮರಳಲ್ಲಿ ಸೋಸಿ ಕುಡಿಯುತ್ತಿತ್ತು, ಬಹುಪಾಲು ಪಾರಾಯಿತು. ಆಗ ಕಾಕ್ ಒಂದು ಅಂಕಿ ಕೊಟ್ಟ: ಸೋಸಿದ ನೀರಿನ ಒಂದು ಮಿಲಿಲೀಟರಿನಲ್ಲಿ 100ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇರಬಾರದು. ತಟ್ಟೆಯ ಮೇಲೆ ಯಾರು ಬೇಕಾದರೂ ಎಣಿಸಬಹುದಾದ ಅಂಕಿ. ಹಾಲು, ನೀರು, ಐಸ್‌ಕ್ರೀಂ ಎಲ್ಲದಕ್ಕೂ ಇವತ್ತು ನಾವು ಕೇಳುವ ಮಾನದಂಡಗಳ ಹಿರಿಯಣ್ಣ ಅದು.

ಇಷ್ಟಕ್ಕೇ ನಿಲ್ಲಿಸಿದರೆ ಅವನ ಫೋಟೋಗೆ ಹಾರ ಹಾಕಬಹುದು. ಆದರೆ ಅವನ ಬದುಕಿನ ಉತ್ತರಾರ್ಧ ಬೇರೆಯೇ ಇದೆ. 1890ರಲ್ಲಿ ಕ್ಷಯಕ್ಕೆ ಮದ್ದು ಕಂಡುಹಿಡಿದೆ ಎಂದು ಸಾರಿದ, ಅದರಲ್ಲಿ ಏನಿದೆ ಅಂತ ಹೇಳಲಿಲ್ಲ. ಯುರೋಪಿನ ರೋಗಿಗಳೆಲ್ಲ ಬರ್ಲಿನ್ನಿಗೆ ಧಾವಿಸಿದರು. ಟ್ಯೂಬರ್ಕ್ಯುಲಿನ್ ಎಂಬ ಆ ಮದ್ದು ಗುಣ ಮಾಡಲಿಲ್ಲ, ಚುಚ್ಚಿಸಿಕೊಂಡ ಹಲವರು ಸತ್ತರು. ಬ್ರೆಸ್ಲಾವಿನಲ್ಲಿ ಎಲ್ಲರೆದುರು ಇಲಿ ಕೊಯ್ದು ತೋರಿಸಿದ ಅದೇ ಮನುಷ್ಯ ಇಲ್ಲಿ ಸೀಸೆಯ ಗುಟ್ಟು ಬಚ್ಚಿಟ್ಟ. (ರೋಗ ಪತ್ತೆಗೆ ಅದು ಆಮೇಲೆ ಉಪಯೋಗಕ್ಕೆ ಬಂತು, ಅದು ಬೇರೆ ಮಾತು.) 1893ರಲ್ಲಿ ಹೆಂಡತಿ ಎಮ್ಮಿಯನ್ನು ಬಿಟ್ಟು ತನಗಿಂತ ಸುಮಾರು ಮೂವತ್ತು ವರ್ಷ ಚಿಕ್ಕವಳಾದ ಹೆಡ್ವಿಗ್‌ಳನ್ನು ಮದುವೆಯಾದ, ಬರ್ಲಿನ್ ಅದನ್ನೇ ಹೆಚ್ಚು ಆಡಿಕೊಂಡಿತು.

1897ರಲ್ಲಿ ಅವನು ಮುಂಬಯಿಗೂ ಬಂದಿದ್ದ, ಜರ್ಮನಿಯ ಪ್ಲೇಗ್ ಆಯೋಗದ ಜೊತೆ. ಜಮಖಂಡಿಯಲ್ಲಿ ಆಗ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ, ಬೀಳಗಿ ಕಡೆ ಮುಂಬಯಿ ಪ್ರಾಂತ್ಯದ ಬ್ರಿಟಿಷ್ ಆಡಳಿತ. ಅದೇ ಬೇಸಿಗೆಯಲ್ಲಿ ಪುಣೆಯಲ್ಲಿ ಪ್ಲೇಗ್ ತಪಾಸಣೆಯ ಹೆಸರಲ್ಲಿ ಸೈನಿಕರು ಮನೆಗೆ ನುಗ್ಗಿದ ಸಿಟ್ಟಿಗೆ ರ‍್ಯಾಂಡ್ ಎಂಬ ಅಧಿಕಾರಿಯ ಮೇಲೆ ಗುಂಡು ಹಾರಿತು. ರೋಗ ಹುಡುಕುವ ಅಧಿಕಾರ ಬಂದೂಕಿನ ಜೊತೆ ಬಂದರೆ ಏನಾಗುತ್ತೆ ಅಂತ ನಮ್ಮ ಪ್ರಾಂತ್ಯ ಆಗಲೇ ನೋಡಿತ್ತು. ಕಾಕ್ ಅದನ್ನು ಕಲಿತಂತೆ ಕಾಣುವುದಿಲ್ಲ. 1906-07ರಲ್ಲಿ ನಿದ್ರಾರೋಗದ ಅಧ್ಯಯನಕ್ಕೆ ಪೂರ್ವ ಆಫ್ರಿಕಾಕ್ಕೆ ಹೋಗಿ, ವಿಕ್ಟೋರಿಯಾ ಸರೋವರದ ಸೆಸೆ ದ್ವೀಪಗಳಲ್ಲಿ ಅಟಾಕ್ಸಿಲ್ ಎಂಬ ಆರ್ಸೆನಿಕ್ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಜನರಿಗೆ ಚುಚ್ಚಿಸಿದ. ಇಪ್ಪತ್ತಕ್ಕೂ ಹೆಚ್ಚು ಮಂದಿ ಶಾಶ್ವತವಾಗಿ ಕಣ್ಣು ಕಳೆದುಕೊಂಡರು. ಸೋಂಕಿತರನ್ನು ಶಿಬಿರಗಳಲ್ಲಿ ಕೂಡಿಹಾಕಬೇಕೆಂದೂ ಸಲಹೆ ಕೊಟ್ಟ. ಬರ್ಲಿನ್ನಿನ ರೋಗಿಗಳ ಮೇಲೆ ಆ ಪ್ರಯೋಗ ಮಾಡುವ ಧೈರ್ಯ ಅವನಿಗಿರುತ್ತಿರಲಿಲ್ಲ.

ಊಟದ ವಿಷಯದಲ್ಲಿ ಅವನ ದೊಡ್ಡ ತಪ್ಪು 1901ರದು. ಲಂಡನ್ನಿನ ಸಮ್ಮೇಳನದಲ್ಲಿ ನಿಂತು, ಹಸುವಿನ ಕ್ಷಯ ಹಾಲಿನ ಮೂಲಕ ಮನುಷ್ಯರಿಗೆ ಬರುವ ಸಾಧ್ಯತೆ ತೀರ ಕಡಿಮೆ, ಅದಕ್ಕೆ ಕ್ರಮ ಬೇಕಿಲ್ಲ ಎಂದ. ಎರಡೂ ಬ್ಯಾಕ್ಟೀರಿಯಾ ಬೇರೆ ಬೇರೆ ಅನ್ನುವಷ್ಟರ ಮಟ್ಟಿಗೆ ಅವನು ಸರಿ, ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಅದನ್ನು ಮೂರು ವರ್ಷ ಮೊದಲೇ ತೋರಿಸಿದ್ದ. ಆದರೆ ಹಸುವಿನದು ಮನುಷ್ಯರಿಗೆ, ಅದರಲ್ಲೂ ಹಸಿ ಹಾಲು ಕುಡಿಯುವ ಮಕ್ಕಳಿಗೆ ಬರುತ್ತದೆ. ಬ್ರಿಟನ್ ಆಯೋಗ ನೇಮಿಸಿ ಹತ್ತು ವರ್ಷ ಪರೀಕ್ಷೆ ಮಾಡಿಸಿತು. 1911ರ ಅಂತಿಮ ವರದಿ ಕಾಕ್ ಮಾತನ್ನು ತಳ್ಳಿಹಾಕಿತು. ಅಷ್ಟರಲ್ಲಿ ಹಾಲು ಕಾಯಿಸುವ ಕಾನೂನು ಬೇಡ ಅನ್ನುವವರಿಗೆ ಅವನ ಹೆಸರು ಗುರಾಣಿಯಾಗಿತ್ತು. 1905ರಲ್ಲಿ ನೊಬೆಲ್ ಬಂದಿತ್ತಲ್ಲ, ನೊಬೆಲ್ ಬಂದವನ ತಪ್ಪು ಇನ್ನೂ ನಿಧಾನಕ್ಕೆ ಸಾಯುತ್ತದೆ. ಆ ವರದಿ ನೋಡಲು ಅವನೇ ಉಳಿಯಲಿಲ್ಲ. 1910ರ ಮೇ 27ರಂದು ಬಾಡೆನ್-ಬಾಡೆನ್‌ನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡ. ಅವನ ಚಿತಾಭಸ್ಮ ಬರ್ಲಿನ್ನಿನ ಅವನದೇ ಸಂಸ್ಥೆಯ ಗೋಡೆಯೊಳಗಿದೆ.

ಅವನು ಸರಿಯಿದ್ದ ಕಡೆಗಳಲ್ಲೆಲ್ಲ ತಟ್ಟೆಯನ್ನು ಎಲ್ಲರ ಮುಂದಿಟ್ಟಿದ್ದ, ತಪ್ಪಿದ ಕಡೆ ತನ್ನ ಹೆಸರನ್ನು ಮುಂದಿಟ್ಟಿದ್ದ ಅನ್ನೋದು ನನಗೆ ಓದುತ್ತ ಓದುತ್ತ ಹೊಳೆದದ್ದು. ನಮ್ಮ ನಾಲ್ಕು ತಾಲೂಕುಗಳ ಪಾಡು ಇನ್ನೂ ಕೆಳಗೆ. ಇಲ್ಲಿ ತಟ್ಟೆಯೇ ಇಲ್ಲ, ಊರ ಹಿರಿಯರ ಹೆಸರು ಮಾತ್ರ ಇದೆ. ಬಿಸಿಯೂಟ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಇದೆ, ಒಳ್ಳೇದೇ. ಆದರೆ ಬ್ಯಾಸಿಲಸ್‌ನ ವಿಷಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ಹಾಸ್ಟೆಲ್ಲಿನಲ್ಲೋ ಶಾಲೆಯಲ್ಲೋ ಮಕ್ಕಳು ಅಸ್ವಸ್ಥರಾದರೆ ಸುದ್ದಿಯಲ್ಲಿ ಮೊದಲು ಕೇಳುವುದು ಅಡುಗೆಯವರ ಅಮಾನತು. ಲ್ಯಾಬ್ ವರದಿ ಏನಾಯಿತು ಅಂತ ತಿಂಗಳ ನಂತರ ಕೇಳುವ ಪತ್ರಕರ್ತರು ಎಷ್ಟು ಜನ? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಕಾನೂನು ಕಾಗದದ ಮೇಲೆ ದುರ್ಬಲವಾಗಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ ಯಾವ ಗ್ರಾಹಕರು ಬೇಕಾದರೂ ಶುಲ್ಕ ಕಟ್ಟಿ ತಾವು ಕೊಂಡ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ದೋಷ ಸಿಕ್ಕರೆ ಶುಲ್ಕ ವಾಪಸ್. 46ನೇ ಕಲಮಿನ ಪ್ರಕಾರ ಮಾದರಿ ತಲುಪಿದ 14 ದಿನದೊಳಗೆ ವರದಿ ಕೊಡಬೇಕು. ಆದರೆ ನಮ್ಮ ಭಾಗಕ್ಕೆ ಸರ್ಕಾರದ ವಿಭಾಗೀಯ ಆಹಾರ ಪ್ರಯೋಗಾಲಯ ಇರುವುದು ಬೆಳಗಾವಿಯಲ್ಲಿ. ಬ್ಯಾಕ್ಟೀರಿಯಾ ಪರೀಕ್ಷೆಯ ಮಾದರಿ ಸ್ಟೆರೈಲ್ ಡಬ್ಬಿಯಲ್ಲಿ, ತಣ್ಣಗೆ, ತಡವಿಲ್ಲದೆ ತಲುಪಬೇಕು. ಬಿಸಿಲಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಹೋದ ಮೊಸರನ್ನದ ಎಣಿಕೆ ಬಸ್ಸಿನ ಕತೆ ಹೇಳುತ್ತದೆಯೇ ಹೊರತು ಊಟದ ಕತೆ ಹೇಳಲ್ಲ. ಸಂಚಾರಿ ಲ್ಯಾಬ್ ವಾಹನಗಳು ಓಡಾಡುತ್ತವೆ, ಅವುಗಳ ಮುಖ್ಯ ಕೆಲಸ ಹಾಲಿಗೆ ನೀರು, ಬೇಳೆಗೆ ಬಣ್ಣದಂಥ ಕಲಬೆರಕೆ ಹಿಡಿಯುವುದು.

ನೀರಿನ ವಿಷಯದಲ್ಲಿ ನಾವು ಇಷ್ಟು ಹಿಂದಿಲ್ಲ. 1982ರಲ್ಲಿ ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಾಂಜಾ ಮತ್ತು ಸಂಗಡಿಗರು ಒಂದು ಸಣ್ಣ ಸೀಸೆ ಪರೀಕ್ಷೆ ಪ್ರಕಟಿಸಿದರು. ರಾಸಾಯನಿಕ ಹಚ್ಚಿದ ಕಾಗದದ ಪಟ್ಟಿ ಇರುವ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟರೆ ಸಾಕು, ಮಲದ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುತ್ತದೆ. ಲ್ಯಾಬ್ ಬೇಡ, ಕರೆಂಟ್ ಬೇಡ. 2019ರ ಆಗಸ್ಟಿನಲ್ಲಿ ಕೃಷ್ಣೆ ಜಮಖಂಡಿಯ ಹಳ್ಳಿಗಳಿಗೆ, ಘಟಪ್ರಭೆ ಮುಧೋಳದ ಹಳ್ಳಿಗಳಿಗೆ ನುಗ್ಗಿದಾಗ ಬಾವಿ-ಬೋರುಗಳ ನೀರಿನ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ. ಅಂಥ ಹೊತ್ತಿಗೆಂದೇ ಇರುವ ಪರೀಕ್ಷೆ ಇದು. ಜಲ ಜೀವನ್ ಯೋಜನೆಯಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸುವ ಲೆಕ್ಕವೂ ಇದೆ. ಊಟಕ್ಕೆ ಇಂಥ ಸೀಸೆ ಮಾಡುವುದು ಕಷ್ಟ, ಒಪ್ಪುತ್ತೇನೆ, ಊಟದಲ್ಲಿ ಒಳ್ಳೆ ಬ್ಯಾಕ್ಟೀರಿಯಾವೂ ಇರುತ್ತವೆ, ಮೊಸರೇ ಅದಕ್ಕೆ ಸಾಕ್ಷಿ. ಆದರೆ ತಾಲೂಕಿಗೊಂದು ಇನ್‌ಕ್ಯುಬೇಟರ್, ಆಟೋಕ್ಲೇವ್, ಅಗರ್ ತಟ್ಟೆ, ಎಣಿಸಲು ಕಲಿತ ಇಬ್ಬರು ಹುಡುಗಿಯರು, ಇಷ್ಟು ಚಂದ್ರಯಾನ ಅಲ್ಲ. ಕಾಕ್ ಪರದೆ ಹಿಂದೆ ಇದಕ್ಕಿಂತ ಕಡಿಮೆ ಇತ್ತು. ಸಕ್ಕರೆ ಕಾರ್ಖಾನೆಗಳಿಂದ ತುಂಬಿರುವ ಈ ಸೀಮೆಯಲ್ಲಿ ಕಬ್ಬಿನ ಸಕ್ಕರೆ ಪ್ರಮಾಣ ಅಳೆಯಲು ಲ್ಯಾಬ್ ಇದೆ. ಕಬ್ಬು ಕಡಿಯುವವರ ಮಕ್ಕಳ ಊಟ ಅಳೆಯಲು ಇಲ್ಲ.

ಹಾಲಿನಾಕಿ ಈಗ ಡೈರಿಗೆ ಹಾಕುತ್ತಾಳಂತೆ. ಊರ ಮನೆಗಳು ಕೊಡುತ್ತಿದ್ದ ದರ ಅಲ್ಲಿ ಸಿಗಲ್ಲ, ಆದರೆ ಹಾಲು ವಾಪಸ್ ಬಂದಿಲ್ಲ ಅಂತ ಅತ್ತೆ ಹೇಳಿದಳು. ನಾಲ್ಕು ಮನೆಯವರಲ್ಲಿ ಒಬ್ಬರು ಮತ್ತೆ ಶುರು ಮಾಡಿದ್ದಾರೆ, ಉಳಿದವರು ಇಲ್ಲ.

ಕಳೆದ ಮಾರ್ಚಿನಲ್ಲಿ ಜಮಖಂಡಿಯಲ್ಲಿ ಅಕ್ಕನ ಮಗಳ ಕಿವಿ ಚುಚ್ಚುವ ಕಾರ್ಯ ಇತ್ತು. ನೂರೈವತ್ತು ಜನ. ಊಟಕ್ಕೆ ಮೊದಲು ನಾನು ಐದು ಸ್ಟೀಲ್ ಡಬ್ಬಿಗಳನ್ನು ಕುದಿಸಿ, ಒಂದೊಂದು ಅಡುಗೆ ಒಂದೊಂದರಲ್ಲಿ ಹಾಕಿ, ತಾರೀಖು ಬರೆದ ಚೀಟಿ ಅಂಟಿಸಿ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಇಟ್ಟೆ. ಅನ್ನವನ್ನು ಎರಡು ಸಲ ಮಾಡಿಸಿದೆ, ಎರಡನೇ ಪಂಕ್ತಿಗೆ ಹೊಸದು. ಅಡುಗೆಯವರು ನಕ್ಕರು, ಮಾವ ಪತ್ತೇದಾರ ಅಂತ ಹೆಸರಿಟ್ಟ. ಯಾರಿಗೂ ಏನೂ ಆಗಲಿಲ್ಲ. ನಾಲ್ಕನೇ ದಿನ ಅವ್ವ ಡಬ್ಬಿಗಳನ್ನು ಖಾಲಿ ಮಾಡಿ ತೊಳೆದು, ಚೀಟಿಯ ಅಂಟು ಹೋಗ್ತಾ ಇಲ್ಲ ಅಂತ ಫೋನ್ ಮಾಡಿ ಬೈದಳು.